ನಾಯಿ ಹಿಂಗಾಲು ಊರದಿದ್ದರೆ: ಮೊಣಕಾಲಿನ ಲಿಗಮೆಂಟ್ ಪೆಟ್ಟು ಮತ್ತು ಆರೈಕೆ

ಮಂಗ ಓಡಿಸಲು ತೋಟಕ್ಕೆ ನುಗ್ಗಿದ ನಾಯಿ ಅಗಳ ಹಾರಿ ಮೂರೇ ಕಾಲಲ್ಲಿ ವಾಪಸಾದರೆ ಮೊದಲು ಪಾದ ನೋಡಿ. ಬೆರಳ ಸಂದಿಯ ಮುಳ್ಳು, ಕಿತ್ತ ಉಗುರು, ಕಚ್ಚಿಕೊಂಡ ಉಣುಗು ಇವೇ ಹೆಚ್ಚು. ಪಾದ ಸರಿಯಿದ್ದೂ ಹಿಂಗಾಲು ಊರುತ್ತಿಲ್ಲವೆಂದರೆ ಮೊಣಕಾಲಿನ ಕ್ರೂಸಿಯೇಟ್ ಲಿಗಮೆಂಟ್ ಮೇಲೆ ಅನುಮಾನ ಪಡಬೇಕು. ತೊಡೆಮೂಳೆ ಮತ್ತು ಕಣಕಾಲ ಮೂಳೆಯನ್ನು ಒಳಗಿಂದ ಹಿಡಿದಿಟ್ಟು, ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುವ ಪಟ್ಟಿ ಅದು.

ಮನುಷ್ಯರಲ್ಲಿ ಆಟದ ಮೈದಾನದಲ್ಲಿ ಒಂದೇ ಏಟಿಗೆ ಹರಿಯುವುದುಂಟು. ನಾಯಿಗಳಲ್ಲಿ ಬಹುಪಾಲು ಹಾಗಲ್ಲ. ರಾಟೆಗೆ ಉಜ್ಜಿದ ಬಾವಿ ಹಗ್ಗದಂತೆ ಎಳೆ ಎಳೆಯಾಗಿ ಸವೆದು ಕೊನೆಗೊಂದು ದಿನ ಹರಿಯುತ್ತದೆ. ಅಗಳ ಹಾರಿದ್ದು ನೆಪ ಅಷ್ಟೇ. ಲ್ಯಾಬ್ರಡಾರ್, ರಾಟ್‌ವೀಲರ್ ಜಾತಿಯವಕ್ಕೆ, ತೂಕ ಜಾಸ್ತಿಯಾದವಕ್ಕೆ ಇದು ಹೆಚ್ಚು. ಊರು ನಾಯಿಗೂ ಬಾರದೇ ಇಲ್ಲ.

ಅರ್ಧ ಹರಿದಾಗಲೇ ಗುರುತು ಸಿಗುತ್ತದೆ. ಮಲಗಿ ಎದ್ದ ತಕ್ಷಣ ಕುಂಟಿ, ಹತ್ತು ಹೆಜ್ಜೆ ನಡೆದ ಮೇಲೆ ಸರಿಯಾಗುತ್ತದೆ. ನಿಂತಾಗ ಬೆರಳ ತುದಿಯಷ್ಟೇ ನೆಲಕ್ಕೆ ತಾಗುತ್ತದೆ. ಕೂರುವಾಗ ಆ ಕಾಲನ್ನು ಮಡಚದೆ ಪಕ್ಕಕ್ಕೆ ಚಾಚುತ್ತದೆ. ಹಿಂದೆ ನಿಂತು ಎರಡೂ ಮೊಣಕಾಲನ್ನು ಒಟ್ಟಿಗೆ ಮುಟ್ಟಿ ನೋಡಿದರೆ ನೋವಿನ ಕಾಲಿನ ಒಳಬದಿ ದಪ್ಪ, ತೊಡೆ ತೆಳ್ಳಗೆ. ನಾಲ್ಕು ಹೆಜ್ಜೆ ಕಾಲೆತ್ತಿ ಕುಪ್ಪಳಿಸಿ, ಏನೂ ಆಗದಂತೆ ಮತ್ತೆ ನಡೆಯುವ ಪಾಮೆರೇನಿಯನ್‌ನಂಥ ಸಣ್ಣ ನಾಯಿಗೆ ಸಾಮಾನ್ಯವಾಗಿ ಮಂಡಿಚಿಪ್ಪು ಜಾರಿರುತ್ತದೆ. ಅದರ ಚಿಕಿತ್ಸೆ ಬೇರೆ. ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟುತ್ತ, ಜ್ವರ ಬಂದು, ಊಟ ಬಿಟ್ಟು, ಒಸಡು ಬಿಳಿಚಿದ್ದರೆ ಉಣುಗಿನಿಂದ ಬರುವ ಟಿಕ್ ಫೀವರ್ ಇರಬಹುದು. ಶಿರಸಿ, ಸಿದ್ದಾಪುರದ ಕಾಡಂಚಿನ ಮನೆಗಳಲ್ಲಿ ರಕ್ತ ಪರೀಕ್ಷೆ ಮಾಡಿಸದೆ ಬರೀ ಕಾಲನ್ನೇ ನೋಡುತ್ತ ಕೂರಬಾರದು.

ಪಶುವೈದ್ಯರು ತೊಡೆಮೂಳೆಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಕೆಳಮೂಳೆಯನ್ನು ಮುಂದಕ್ಕೆ ತಳ್ಳಿ ನೋಡುತ್ತಾರೆ. ಜಾರಿದರೆ ಲಿಗಮೆಂಟ್ ಹೋಗಿದೆ. ಹೆದರಿದ ನಾಯಿ ಸ್ನಾಯು ಬಿಗಿ ಹಿಡಿದಾಗ ಹರಿದ ಮೊಣಕಾಲೂ ಜಾರುವುದಿಲ್ಲ, ಅದಕ್ಕೇ ಮಂಪರು ಕೊಟ್ಟು ನೋಡಬೇಕಾಗುತ್ತದೆ, ಬೇಡ ಎನ್ನಬೇಡಿ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣದು. ಆದರೂ ಕೀಲಿನಲ್ಲಿ ನೀರು ತುಂಬಿದ್ದು, ಸಂಧಿವಾತ, ಮೂಳೆ ಮುರಿತ, ಗಡ್ಡೆ ಗೊತ್ತಾಗಲು ಅದು ಬೇಕೇ ಬೇಕು.

ಪೆಟ್ಟಾದ ಮೊದಲ ಮೂರು ದಿನ ಮೊಣಕಾಲಿಗೆ ಐಸ್. ಪ್ಲಾಸ್ಟಿಕ್ ಚೀಲದಲ್ಲಿ ಚೂರು ಹಾಕಿ ಒದ್ದೆ ಬಟ್ಟೆ ಸುತ್ತಿ, ಸಲಕ್ಕೆ 10–15 ನಿಮಿಷದಂತೆ ದಿನಕ್ಕೆ ಮೂರ್ನಾಲ್ಕು ಸಲ. ಮೀನು ಪೇಟೆಯ ಐಸ್ ಆದರೂ ಅಡ್ಡಿಯಿಲ್ಲ, ಚೀಲ ಸೋರದಿದ್ದರಾಯಿತು. ಎಣ್ಣೆ ತಿಕ್ಕುವುದು, ಸೊಪ್ಪು ಅರೆದು ಬಿದಿರು ಕಡ್ಡಿ ಇಟ್ಟು ಬಿಗಿದು ಕಟ್ಟುವುದು ಖಂಡಿತ ಬೇಡ. ನಾಯಿಯ ತೊಡೆ ಮೇಲಕ್ಕೆ ದಪ್ಪ, ಕೆಳಕ್ಕೆ ಸಣ್ಣ. ಕಟ್ಟಿದ್ದು ಜಾರಿ ಮೊಣಕಾಲಿನ ಕೆಳಗೆ ಬಿಗಿಯುತ್ತದೆ, ಪಾದ ಊದುತ್ತದೆ, ಮಳೆಗಾಲದಲ್ಲಿ ಒಳಗೆ ಚರ್ಮ ಕೊಳೆಯುತ್ತದೆ.

ಮನೆಯಲ್ಲಿರುವ ನೋವಿನ ಮಾತ್ರೆ ಇನ್ನೂ ಅಪಾಯ. ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಕೆಡಿಸುತ್ತವೆ. ಮೆಲಾಕ್ಸಿಕಾಂ ನಾಯಿಗೂ ಕೊಡುವ ಔಷಧಿಯೇ, ಆದರೆ ಅಳತೆ ನೋಡಿ: ಮೊದಲ ದಿನ ಕಿಲೋಗೆ 0.2 ಮಿಲಿಗ್ರಾಂ, ಆಮೇಲೆ ದಿನಕ್ಕೊಮ್ಮೆ 0.1. ಹತ್ತು ಕಿಲೋ ನಾಯಿಗೆ ದಿನಕ್ಕೆ 1 ಮಿಲಿಗ್ರಾಂ ಸಾಕು. ಮನುಷ್ಯರ ಮಾತ್ರೆ 7.5 ಅಥವಾ 15 ಮಿಲಿಗ್ರಾಂನದು; ಚಿಕ್ಕದೊಂದು ಕೊಟ್ಟರೂ ಏಳು ದಿನದ್ದನ್ನು ಒಮ್ಮೆಗೇ ಕೊಟ್ಟ ಹಾಗೆ. ವೈದ್ಯರು ತೂಕ ನೋಡಿ ಬರೆದ ನಾಯಿಯ ಔಷಧಿಯನ್ನು ಊಟದ ಜೊತೆಗೇ ಕೊಡಿ. ವಾಂತಿ, ಕಪ್ಪು ಕಕ್ಕಸು, ಊಟ ಬಿಡುವುದು ಕಂಡರೆ ನಿಲ್ಲಿಸಿ ಫೋನ್ ಮಾಡಿ. ಸ್ಟಿರಾಯ್ಡ್ ಇಂಜೆಕ್ಷನ್ ಆಗಿದ್ದರೆ ಮೊದಲೇ ಹೇಳಿ, ಅದೂ ಈ ನೋವಿನ ಔಷಧಿಯೂ ಕೂಡುವಂತಿಲ್ಲ.

ಆಪರೇಷನ್ ಬೇಕೋ ಬೇಡವೋ ಎಂಬುದಕ್ಕೆ ತೂಕ ಒಂದು ಒರಟು ಅಳತೆ. ಸುಮಾರು 15 ಕಿಲೋ ಒಳಗಿನ ನಾಯಿಗಳಲ್ಲಿ ಹಲವು 6–8 ವಾರ ಕಟ್ಟುನಿಟ್ಟಿನ ವಿಶ್ರಾಂತಿ ಮತ್ತು ತೂಕ ಇಳಿಕೆಯಿಂದಲೇ ಓಡಾಡುವಂತಾಗುತ್ತವೆ. ಅದಕ್ಕಿಂತ ದೊಡ್ಡವಕ್ಕೆ ಆಪರೇಷನ್ನೇ ಮೇಲು. ನಡೆಯುವಾಗ ಮೊಣಕಾಲಲ್ಲಿ ಟಕ್ ಟಕ್ ಸದ್ದಿದ್ದರೆ ಒಳಗಿನ ಮೆನಿಸ್ಕಸ್ ಗಾದಿಯೂ ಹರಿದಿರಬಹುದು. ಅದು ವಿಶ್ರಾಂತಿಯಿಂದ ಕೂಡಿಕೊಳ್ಳುವುದಿಲ್ಲ. ಟಿಪಿಎಲ್‌ಒ ಎಂಬ ವಿಧಾನದಲ್ಲಿ ಕೆಳಮೂಳೆಯ ಇಳಿಜಾರು ತಲೆಯನ್ನು ಕತ್ತರಿಸಿ, ತಿರುಗಿಸಿ, ಪ್ಲೇಟ್ ಹಾಕುತ್ತಾರೆ. ಇಪ್ಪತ್ತು ಡಿಗ್ರಿ ದಾಟಿದ ಇಳಿಜಾರು ಐದರ ಆಸುಪಾಸಿಗೆ ಬಂದರೆ, ತಡೆಯಲು ಲಿಗಮೆಂಟ್ ಇಲ್ಲದೆಯೂ ಮೂಳೆ ಜಾರುವುದಿಲ್ಲ. ಇನ್ನೊಂದು ವಿಧಾನ ಕೀಲಿನ ಹೊರಗಿಂದ ಗಟ್ಟಿ ನೈಲಾನ್ ದಾರ ಬಿಗಿಯುವುದು, ಸಣ್ಣ ನಾಯಿಗೆ ಅದು ನಡೆಯುತ್ತದೆ. ಕಾರವಾರದವರಿಗೆ ಗೋವಾ, ಶಿರಸಿಯವರಿಗೆ ಹುಬ್ಬಳ್ಳಿ, ಇಲ್ಲವೇ ಶಿವಮೊಗ್ಗದಲ್ಲಿರುವ ಪಶುವೈದ್ಯಕೀಯ ಕಾಲೇಜು ಹತ್ತಿರ. ಹೊರಡುವ ಮೊದಲು ಫೋನಿನಲ್ಲೇ ಕೇಳಿ: ಯಾವ ವಿಧಾನ, ಇಂಥವು ಎಷ್ಟು ಮಾಡಿದ್ದಾರೆ, ಮೆನಿಸ್ಕಸ್ ತೆರೆದು ನೋಡುತ್ತಾರೋ, ಎಂಟು ವಾರದ ಎಕ್ಸ್‌ರೇಗೆ ಮತ್ತೆ ಅಲ್ಲಿಗೇ ಬರಬೇಕೋ. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳ ಎಣಿಕೆಯನ್ನು ಊರಲ್ಲೇ ಮಾಡಿಸಿಕೊಂಡು ಹೋಗಿ; ಟಿಕ್ ಫೀವರ್‌ನಿಂದ ಅದು ಇಳಿದಿದ್ದರೆ ಆಪರೇಷನ್ ಮುಂದಕ್ಕೆ ಹೋಗಿ ಅಷ್ಟು ದೂರದ ಓಡಾಟ ದಂಡವಾಗುತ್ತದೆ. ಅರಬೈಲ್, ದೇವಿಮನೆ ಘಟ್ಟಗಳ ತಿರುವಿನಲ್ಲಿ ನಾಯಿ ಸೀಟಿನ ಮೇಲೆ ಬೇಡ. ಹಿಂದಿನ ಸೀಟಿನ ಕೆಳಗೆ, ಎರಡೂ ಬದಿ ಕಂಬಳಿ ಒತ್ತಿ ಮಲಗಿಸಿ.

ಕೆಲಸ ಕೆಡುವುದು ಆಪರೇಷನ್ ಟೇಬಲ್ ಮೇಲೆ ಅಲ್ಲ, ಬಹುಮಟ್ಟಿಗೆ ಮನೆಯಲ್ಲಿ, ಅದೂ ನಾಲ್ಕರಿಂದ ಎಂಟನೇ ವಾರದ ನಡುವೆ. ಆಗ ನೋವು ಹೋಗಿರುತ್ತದೆ, ನಾಯಿ ಕುಣಿಯುತ್ತದೆ, ಮೂಳೆ ಮಾತ್ರ ಇನ್ನೂ ಕೂಡಿರುವುದಿಲ್ಲ. ಅದಕ್ಕೆ 8–12 ವಾರ ಬೇಕು. "ಈಗ ಆರಾಮಾಗಿದೆ, ಬಿಡು ಪಾಪ" ಎಂದು ಮನೆಯ ಹಿರಿಯರು ಸರಪಳಿ ಕಳಚುವುದು ಈ ಹೊತ್ತಿನಲ್ಲೇ. ಮನೆಯವರಿಗೆಲ್ಲ, ಕೊಟ್ಟಿಗೆ ಕೆಲಸಕ್ಕೆ ಬರುವವರಿಗೂ ಮೊದಲೇ ಹೇಳಿಡಿ.

ಅಂಗಳದ ಉದ್ದ ಸರಪಳಿ ವಿಶ್ರಾಂತಿಯಲ್ಲ. ಮಂಗ ಕಂಡ ನಾಯಿ ಸರಪಳಿಯ ತುದಿಯವರೆಗೆ ಓಡಿ ಜಗ್ಗಿ ತಿರುಗುತ್ತದೆ, ಮೊಣಕಾಲಿಗೆ ಇದಕ್ಕಿಂತ ಕೆಟ್ಟದ್ದಿಲ್ಲ. ಜಗುಲಿಯ ಮೂಲೆಗೆ ಅಡಿಕೆ ದಬ್ಬೆಯ ತಟ್ಟಿ ಅಡ್ಡಕಟ್ಟಿ, ನಾಯಿ ಎದ್ದು ನಿಂತು ತಿರುಗಿ ಚಾಚಿ ಮಲಗುವಷ್ಟು ಜಾಗ ಮಾಡಿ. ತಟ್ಟಿಗೆ ಗೋಣಿ ಹೊದಿಸಿದರೆ ತೋಟ ಕಾಣುವುದಿಲ್ಲ, ಅರ್ಧ ಗಲಾಟೆ ಕಡಿಮೆ. ರೆಡ್ ಆಕ್ಸೈಡ್ ಮತ್ತು ಟೈಲ್ಸ್ ನೆಲದಲ್ಲಿ ಕಾಲು ಜಾರಿ ಅಗಲವಾಗುತ್ತದೆ. ನಡೆಯುವ ದಾರಿಗೆಲ್ಲ ರಬ್ಬರ್ ಮ್ಯಾಟ್ ಹಾಸಿ, ಬರೀ ಗೋಣಿ ಹಾಸಿದರೆ ಅದೇ ಜಾರುತ್ತದೆ. ಪಾಚಿ ಕಟ್ಟಿದ ಚಿರೇಕಲ್ಲಿನ ಮೆಟ್ಟಿಲು ಪೂರಾ ನಿಷಿದ್ಧ.

ಆಪರೇಷನ್ ಆದ ಮೊದಲೆರಡು ವಾರ ಮೂತ್ರ, ಕಕ್ಕಸಿಗೆ ಮಾತ್ರ ಹೊರಗೆ, ಸಲಕ್ಕೆ ಐದು ನಿಮಿಷ. ಹಳೆಯ ಲುಂಗಿಯನ್ನು ನಾಲ್ಕು ಮಡಿಕೆ ಮಾಡಿ ಹೊಟ್ಟೆಯ ಕೆಳಗೆ, ತೊಡೆಗೆ ತೀರ ಹತ್ತಿರ ತೂರಿಸಿ ಹಿಡಿಯಿರಿ. ನಾಯಿಯನ್ನು ಎತ್ತುವುದಲ್ಲ, ಜಾರಿದರೆ ಆಧಾರ ಅಷ್ಟೇ. ಗಂಡು ನಾಯಿಗೆ ಮೂತ್ರದ ಜಾಗ ಬಿಟ್ಟು ಹಿಡಿಯಬೇಕು. ಹೊಲಿಗೆ ಬಿಚ್ಚುವವರೆಗೆ, ಅಂದರೆ 10–14 ದಿನ, ಕುತ್ತಿಗೆಯ ಕೋನ್ ಊಟಕ್ಕೂ ತೆಗೆಯದಿದ್ದರೆ ಒಳ್ಳೆಯದು. ತೆಗೆದರೆ ಹತ್ತು ನಿಮಿಷದಲ್ಲಿ ನೆಕ್ಕಿ ಹೊಲಿಗೆ ಕಿತ್ತುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಯ ಒಣಗಿಸಿಡುವುದೇ ದೊಡ್ಡ ಕೆಲಸ. ಒದ್ದೆಯಾದರೆ ಒತ್ತಿ ಒರೆಸಿ, ಫ್ಯಾನ್ ಗಾಳಿಗೆ ಮಲಗಿಸಿ, ನೊಣ ಕೂರದಂತೆ ದಿನಕ್ಕೆರಡು ಸಲ ನೋಡಿ. ಹುಳ ಬೀಳಲು ಒಂದು ದಿನ ಸಾಕು.

ಮೂರನೇ ವಾರದಿಂದ ನಡಿಗೆ. ದಿನಕ್ಕೆ ಮೂರು ಸಲ 5–10 ನಿಮಿಷ, ಆಮೇಲೆ ವಾರಕ್ಕೆ ಐದು ನಿಮಿಷ ಏರಿಸಿ, ವೈದ್ಯರ ಸಲಹೆಯಂತೆ. ಹಗ್ಗ ಗಿಡ್ಡವಿರಲಿ, ಬೇಸರ ಬರುವಷ್ಟು ನಿಧಾನವಿರಲಿ. ನಿಧಾನಕ್ಕೆ ಕಾರಣವಿದೆ: ಜೋರು ನಡೆದರೆ ನಾಯಿ ನೋವಿನ ಕಾಲೆತ್ತಿ ಮೂರರಲ್ಲೇ ಸಾಗುತ್ತದೆ, ನಿಧಾನ ನಡೆದರೆ ನಾಲ್ಕೂ ಊರಲೇಬೇಕು, ತೊಡೆಯ ಸ್ನಾಯು ಬೆಳೆಯುವುದು ಹಾಗೆ ಊರಿದಾಗ ಮಾತ್ರ. ಕಾರವಾರದ ಟಾಗೋರ್ ಕಡಲತೀರದಂಥಲ್ಲಿ ಒಣ ಮರಳು ಬೇಡ, ಪಾದ ಹೂತು ಮೊಣಕಾಲು ತಿರುಚುತ್ತದೆ. ಎಂಟು ವಾರ ದಾಟಿ ಎಕ್ಸ್‌ರೇ ಸರಿಯಿದ್ದ ಮೇಲೆ ನೀರಿಳಿದ ಹೊತ್ತಿನ ಗಟ್ಟಿ ಮರಳಿನಲ್ಲಿ, ಹಗ್ಗದಲ್ಲೇ ನಡೆಸಬಹುದು. ಅಲೆಯೊಳಗೆ ಆಟ ಇನ್ನೂ ತಡವಾಗಿ.

ತೂಕ ನೋಡಲು ಅಡಿಕೆ ತೂಗುವ ತಕ್ಕಡಿ ಸಾಕು. ವಾರಕ್ಕೆ ಮೈತೂಕದ ನೂರರಲ್ಲಿ ಒಂದರಿಂದ ಎರಡು ಪಾಲು ಇಳಿದರೆ ಸರಿ. ಅನ್ನ ಕಾಲು ಭಾಗ ಕಡಿಮೆ ಮಾಡಿ, ಆ ಜಾಗಕ್ಕೆ ಬೇಯಿಸಿದ ಮೊಗೆಕಾಯಿ ಅಥವಾ ಬೀನ್ಸ್, ಮುಳ್ಳು ತೆಗೆದ ಮೀನು ಇಲ್ಲವೇ ಮೊಟ್ಟೆ ಹಾಕಿ. ಒತ್ತದೆಯೇ ಪಕ್ಕೆಲುಬು ಕೈಗೆ ಸಿಗಬೇಕು.

ಎರಡು ವಾರವಾದರೂ ಬೆರಳು ಊರದಿದ್ದರೆ, ಊರುತ್ತಿದ್ದ ಕಾಲು ಥಟ್ಟನೆ ಎತ್ತಿಕೊಂಡರೆ, ಗಾಯ ಬಿಸಿಯಾಗಿ ಕೀವು ಬಂದರೆ ಅದೇ ದಿನ ಫೋನ್ ಮಾಡಿ. ಒಂದು ಮೊಣಕಾಲು ಹೋದ ನಾಯಿಗಳಲ್ಲಿ ಹತ್ತಿರತ್ತಿರ ಅರ್ಧಕ್ಕೆ ಮುಂದೆ ಇನ್ನೊಂದೂ ಹೋಗುತ್ತದೆ. ಮಂಗ ಓಡಿಸುವ ಕೆಲಸಕ್ಕೆ ಮತ್ತೆ ಬಿಡುವುದಾದರೆ ನಾಲ್ಕು ತಿಂಗಳ ನಂತರ, ವೈದ್ಯರು ಒಪ್ಪಿದ ಮೇಲೆ, ಅಗಳಕ್ಕೆ ಅಗಲವಾದ ಸಂಕ ಹಾಕಿ ಬಿಡಿ.