‘ನೀನು’ ಬಿಟ್ಟು ‘ನೀವು’ ಎಂದ ಮೇಲೆ

ತಿಪಟೂರಿನ ಒಂದು ವಿಶೇಷ ಶಾಲೆಯಲ್ಲಿ ನಾನು ಹದಿನಾರು ವರ್ಷ ಶಿಕ್ಷಕಿಯಾಗಿದ್ದೆ. ಹದಿನೆಂಟು ತುಂಬಿದವರ ಹೆಸರನ್ನು ಹಾಜರಿ ಪುಸ್ತಕದಿಂದ ತೆಗೆದು, ಕೊರಳಿಗೊಂದು ಹಾರ ಹಾಕಿ, ಕೈಗೊಂದು ಸ್ಟೀಲ್ ಡಬ್ಬಿ ಕೊಟ್ಟು ಕಳಿಸುವುದು ಅಲ್ಲಿನ ವಾಡಿಕೆಯಾಗಿತ್ತು. ಹೀಗೆ ಹೋದವರು ಆಮೇಲೆ ಏನಾದರು ಎಂದು ನಾವು ಯಾರೂ ವಿಚಾರಿಸಿರಲಿಲ್ಲ. 2011ರ ಬೇಸಿಗೆ ರಜೆಯಲ್ಲಿ ಹಳೆಯ ವಿಳಾಸಗಳನ್ನು ಹಿಡಿದು ಹನ್ನೊಂದು ಮನೆಗಳಿಗೆ ಹೋಗಿಬಂದೆ. ಶಾಲೆಯಲ್ಲಿ ತಾವೇ ಊಟ ಬಡಿಸಿಕೊಂಡು ತಟ್ಟೆ ತೊಳೆದಿಡುತ್ತಿದ್ದವರಿಗೆ ಮನೆಯಲ್ಲಿ ಅಮ್ಮಂದಿರು ತುತ್ತು ಮಾಡಿ ಉಣ್ಣಿಸುತ್ತಿದ್ದರು. ಒಬ್ಬರು ನಡುಮನೆಯ ಕಿಟಕಿಯ ಪಕ್ಕದಲ್ಲಿ ಎಷ್ಟು ವರ್ಷ ಕುಳಿತಿದ್ದರೆಂದರೆ, ಅವರ ತಲೆ ತಾಗುವಷ್ಟು ಎತ್ತರದಲ್ಲಿ ಗೋಡೆಯ ಸುಣ್ಣ ಕಪ್ಪಾಗಿ ಎಣ್ಣೆ ಹಿಡಿದಿತ್ತು. ಆ ಗುರುತನ್ನು ಕಂಡ ಮೇಲೆ ಶಾಲೆಯ ಕೆಲಸದಲ್ಲಿ ನನಗೆ ಮನಸ್ಸು ನಿಲ್ಲಲಿಲ್ಲ.

ಮರುವರ್ಷ ಏಳು ತಾಯಂದಿರು, ಇಬ್ಬರು ತಂದೆಯರು ಮತ್ತು ನಾನು ಸೇರಿ ಪ್ರತಿ ಶನಿವಾರ ಮಧ್ಯಾಹ್ನ ಒಂದು ಕಲ್ಯಾಣ ಮಂಟಪದ ಹಿಂದಿನ ಕೋಣೆಯಲ್ಲಿ ಸಭೆ ಸೇರತೊಡಗಿದೆವು. ಆಟಿಸಂ ಮತ್ತು ಬೌದ್ಧಿಕ ಅಂಗವೈಕಲ್ಯವಿರುವ ವಯಸ್ಕರು ತಮ್ಮ ಮನೆಯವರೊಡನೆ ಬಂದು ಎರಡು ಗಂಟೆ ಜೊತೆಗಿರಬೇಕೆಂಬುದಷ್ಟೇ ಮೊದಲಿನ ಯೋಜನೆ. ಆದರೆ ಒಬ್ಬೊಬ್ಬರ ಮನೆಯ ಕಷ್ಟ ಕೇಳುತ್ತಾ ಹೋದಂತೆ ಎಲ್ಲ ದಾರಿಗಳೂ ಒಂದಲ್ಲ ಒಂದು ಕಾಗದದ ಮುಂದೆ ಹೋಗಿ ನಿಲ್ಲುತ್ತಿದ್ದವು. ಮಾಸಾಶನ, ಬಸ್ ಪಾಸ್, ಕೇಂದ್ರ ಸರ್ಕಾರದಡಿಯ ನ್ಯಾಷನಲ್ ಟ್ರಸ್ಟಿನ ಒಂದು ಲಕ್ಷ ರೂಪಾಯಿವರೆಗಿನ ನಿರಾಮಯ ಆರೋಗ್ಯ ವಿಮೆ, ಸರ್ಕಾರಿ ನೌಕರರಾಗಿದ್ದ ತಂದೆಯ ಕುಟುಂಬ ಪಿಂಚಣಿ, ಇವು ಯಾವುದಕ್ಕೇ ಆದರೂ ಅಂಗವೈಕಲ್ಯದ ಪ್ರಮಾಣಪತ್ರ ಬೇಕು.

ಆ ಪ್ರಮಾಣಪತ್ರದಲ್ಲಿಯೇ ಮೊದಲ ತೊಡಕಿತ್ತು. 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. ಹಾಗಾಗಿ ನಮ್ಮವರಲ್ಲಿ ಪ್ರಮಾಣಪತ್ರ ಇದ್ದವರಿಗೆಲ್ಲ ‘ಬುದ್ಧಿಮಾಂದ್ಯ’ ಎಂದೇ ಬರೆದುಕೊಡಲಾಗಿತ್ತು. 2016ರ ಕಾಯ್ದೆ ಅಂಗವೈಕಲ್ಯಗಳ ಸಂಖ್ಯೆಯನ್ನು ಏಳರಿಂದ 21ಕ್ಕೆ ಏರಿಸಿ ಆಟಿಸಂ ಅನ್ನು ಸೇರಿಸಿತು. ಅದು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ನಾವು ಒಬ್ಬೊಬ್ಬರನ್ನಾಗಿ ಮರುತಪಾಸಣೆಗೆ ಕರೆದೊಯ್ಯಲು ಆರಂಭಿಸಿದೆವು. ಆಟಿಸಂ ಪ್ರಮಾಣವನ್ನು ಅಳೆಯಲು ನಮ್ಮ ದೇಶದಲ್ಲಿ ಬಳಸುವುದು ‘ಇಸಾ’ ಎಂಬ ಮಾಪನ. ಅದರಲ್ಲಿ ನಲವತ್ತು ಅಂಶಗಳಿವೆ, ಪ್ರತಿಯೊಂದಕ್ಕೂ ಒಂದರಿಂದ ಐದರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 106ರವರೆಗೆ ಅಲ್ಪ, 153ರವರೆಗೆ ಮಧ್ಯಮ, ಅದಕ್ಕಿಂತ ಮೇಲೆ ತೀವ್ರ. ಪರೀಕ್ಷಿಸುವವರು ವ್ಯಕ್ತಿಯನ್ನು ಗಮನಿಸುತ್ತಾರೆ, ಜೊತೆಗೆ ಮನೆಯವರನ್ನು ಕೇಳುತ್ತಾರೆ.

ಈ ಮನೆಯವರನ್ನು ಕೇಳುವ ಭಾಗದಲ್ಲಿ ನಾವು ಸೋಲುತ್ತಿದ್ದೆವು. ಡಾಕ್ಟರ ಎದುರು ಕುಳಿತ ತಾಯಿ, ಹೆಣ್ಣು ನೋಡಲು ಬಂದವರಿಗೆ ಉತ್ತರ ಕೊಡುವ ಹಾಗೆ, “ನಮ್ಮ ಹುಡುಗ ಬಹಳ ಒಳ್ಳೆಯವನು, ಏನೂ ತೊಂದರೆ ಕೊಡುವುದಿಲ್ಲ, ಎಲ್ಲ ತಿಳಿಯುತ್ತೆ” ಎನ್ನುತ್ತಿದ್ದರು. ನಾಲ್ಕು ಜನರ ಮುಂದೆ ಮಗನನ್ನು ಬಿಟ್ಟುಕೊಡಬಾರದೆಂಬ ಆ ತಾಯಿಯ ಮಾನ ಅಂಕಪಟ್ಟಿಯಲ್ಲಿ ಒಂದು, ಎರಡು ಎಂದು ದಾಖಲಾಗಿ, ಒಬ್ಬರ ಪ್ರಮಾಣ ಶೇಕಡಾ 40ಕ್ಕಿಂತ ಕೆಳಗೆ ಇಳಿದು, ಸಿಗಬೇಕಾದ ಸೌಲಭ್ಯಗಳೆಲ್ಲ ತಪ್ಪಿಹೋದವು. ಅಂದಿನಿಂದ ತಪಾಸಣೆಗೆ ಮೊದಲು ಏಳು ದಿನ ಒಂದು ನೋಟ್‌ಬುಕ್ ಬರೆಯಿಸುವ ಪದ್ಧತಿ ಮಾಡಿಕೊಂಡೆ. ಬೆಳಿಗ್ಗೆ ಎದ್ದದ್ದು ಎಷ್ಟು ಹೊತ್ತಿಗೆ, ಹಲ್ಲುಜ್ಜಲು ಎಷ್ಟು ಬಾರಿ ಹೇಳಬೇಕಾಯಿತು, ಕುಕ್ಕರ್ ಕೂಗಿದಾಗ ಏನು ಮಾಡಿದರು, ಹೊಸಬರು ಬಂದಾಗ ಎಲ್ಲಿ ಹೋದರು, ಇಷ್ಟು ಸಾಕು. ಓದುಬರಹ ಇಲ್ಲದ ತಾಯಂದಿರು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು. ನೋಟ್‌ಬುಕ್ ಮುಂದಿಟ್ಟ ಮೇಲೆ ಮಗನ ಬಗ್ಗೆ ಕೆಟ್ಟದ್ದನ್ನು ಹೇಳುವ ಕೆಲಸ ತಾಯಿಯದಾಗಿ ಉಳಿಯಲಿಲ್ಲ, ಪುಸ್ತಕದ್ದಾಯಿತು.

ಕಾಗದದ ಕೆಲಸ ಹೀಗೆ ಒಂದು ಹದಕ್ಕೆ ಬಂದಿತು. ಆದರೆ ಇದಕ್ಕೂ ಮೊದಲೇ ನಾನೊಂದು ದೊಡ್ಡ ತಪ್ಪು ಮಾಡಿಯಾಗಿತ್ತು. ಅದನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯಬೇಕು.

ಮಗನಿಗೋ ಮಗಳಿಗೋ ಹದಿನೆಂಟು ತುಂಬಿದ ಮೇಲೆ ತಂದೆತಾಯಿ ಕಾನೂನಿನ ಪ್ರಕಾರ ತಾವಾಗಿಯೇ ಪಾಲಕರಾಗಿ ಮುಂದುವರಿಯುವುದಿಲ್ಲ ಎಂಬುದು ನಮ್ಮ ಸಭೆಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಬ್ಯಾಂಕಿಗೆ ಹೋದಾಗ “ಗಾರ್ಡಿಯನ್‌ಶಿಪ್ ಸರ್ಟಿಫಿಕೇಟ್ ತನ್ನಿ” ಎಂದು ಹೇಳಿ ಕಳಿಸಿದಾಗಲೇ ತಿಳಿದದ್ದು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ ಮತ್ತು ಅಂಗವೈಕಲ್ಯವುಳ್ಳ ಒಬ್ಬ ವ್ಯಕ್ತಿ ಇರುವ ಸ್ಥಳೀಯ ಮಟ್ಟದ ಸಮಿತಿಯುಂಟು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ಪಾಲಕರನ್ನು ನೇಮಿಸುವ ಅಧಿಕಾರ ಅದಕ್ಕಿದೆ. ಅದರ ಪ್ರಮಾಣಪತ್ರವನ್ನು ಬ್ಯಾಂಕುಗಳು ಒಪ್ಪಬಹುದೆಂದು ರಿಸರ್ವ್ ಬ್ಯಾಂಕ್ 2007ರಲ್ಲೇ ತಿಳಿಸಿದೆ. ಇದೆಲ್ಲ ತಿಳಿದ ಉತ್ಸಾಹದಲ್ಲಿ ನಾನು 2013ರಲ್ಲಿ ಒಂಬತ್ತು ಕುಟುಂಬಗಳ ಅರ್ಜಿಗಳನ್ನು ಒಟ್ಟಿಗೆ ತುಂಬಿಸಿ, ಸುಮಾರು 70 ಕಿಲೋಮೀಟರ್ ದೂರದ ತುಮಕೂರಿಗೆ ಎಲ್ಲರನ್ನೂ ಕರೆದುಕೊಂಡು ಹೋದೆ. ಒಂಬತ್ತೂ ಮಂಜೂರಾದವು, ವ್ಯಕ್ತಿಗೂ ಸೇರಿ, ಆಸ್ತಿಗೂ ಸೇರಿ. ವಾಪಸು ಬರುವಾಗ ರೈಲಿನಲ್ಲಿ ತಾಯಂದಿರು ಪುಳಿಯೋಗರೆ ಹಂಚಿದರು. ಯಾರ ಹೆಸರಿನಲ್ಲಿ ಅರ್ಜಿ ಹಾಕಿದ್ದೆವೋ ಆ ಒಂಬತ್ತು ಜನರೂ ಅದೇ ಬೋಗಿಯಲ್ಲಿದ್ದರು. ಅವರಲ್ಲಿ ಒಬ್ಬರನ್ನೂ ನಾನು ಒಂದು ಮಾತು ಕೇಳಿರಲಿಲ್ಲ.

ಪಾಲಕರನ್ನು ನೇಮಿಸುವ ಮೊದಲು ಸಮಿತಿ ಎರಡು ಪ್ರಶ್ನೆಗಳನ್ನು ಪರಿಶೀಲಿಸಬೇಕೆಂದು ಅದೇ ಕಾಯ್ದೆಯ 14ನೇ ಸೆಕ್ಷನ್ ಹೇಳುತ್ತದೆ: ಈ ವ್ಯಕ್ತಿಗೆ ಪಾಲಕರು ಬೇಕೇ, ಬೇಕಾದರೆ ಯಾವ ಉದ್ದೇಶಕ್ಕೆ? ನಾನು ಅರ್ಜಿಯ ನಮೂನೆ ಓದಿದ್ದೆ, ಸೆಕ್ಷನ್ ಓದಿರಲಿಲ್ಲ.

ಆ ಒಂಬತ್ತರಲ್ಲಿ ಒಬ್ಬರ ತಾಯಿಗೆ ಆಗಲೇ ಎಪ್ಪತ್ತು ದಾಟಿದ್ದರಿಂದ ಆ ವ್ಯಕ್ತಿಯ ಅಣ್ಣನನ್ನೇ ಪಾಲಕರನ್ನಾಗಿ ಮಾಡಿಸಿದ್ದೆವು. ನೇಮಕವಾದ ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಆಮೇಲೆ ವರ್ಷ ವರ್ಷ ಲೆಕ್ಕವನ್ನೂ ಸಮಿತಿಗೆ ಕೊಡಬೇಕೆಂಬ ನಿಯಮವನ್ನು ಅಣ್ಣನಿಗೆ ನಾನು ಹೇಳಿದ್ದೆನೇ ಹೊರತು ಬೆನ್ನು ಹತ್ತಿ ಮಾಡಿಸಲಿಲ್ಲ. ತಾಯಿ ತೀರಿಕೊಂಡ ಮೇಲೆ ಮಾಸಾಶನದ ದುಡ್ಡು ಬಂದ ದಿನವೇ ಖಾತೆಯಿಂದ ಪೂರ್ತಿಯಾಗಿ ಹೊರಹೋಗತೊಡಗಿತು. ನಮಗೆ ಅದು ಗೊತ್ತಾದದ್ದು ಚಪ್ಪಲಿಯಿಂದ. ಮಳೆಗಾಲದ ಮೂರು ಶನಿವಾರ ಆ ತಮ್ಮ ಒಂದು ಕಾಲಿಗೆ ಹವಾಯಿ, ಇನ್ನೊಂದಕ್ಕೆ ಸುತಳಿ ಕಟ್ಟಿದ ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡು ಬಂದರು. ಪಾಲಕರು ಸರಿಯಾಗಿ ನೋಡಿಕೊಳ್ಳದಿದ್ದರೆ ಅಥವಾ ಆಸ್ತಿ ದುರುಪಯೋಗ ಮಾಡಿದರೆ ಅವರನ್ನು ತೆಗೆಯುವಂತೆ ಸಂಬಂಧಿಕರು ಸಮಿತಿಗೆ ಅರ್ಜಿ ಕೊಡಬಹುದು. ಅವರ ಸೋದರತ್ತೆ ಧೈರ್ಯ ಮಾಡಿ ಅರ್ಜಿ ಕೊಟ್ಟರು. ವಿಚಾರಣೆ ನಡೆಯುವ ಮೊದಲೇ ಅಣ್ಣ ಬಂದು ಲೆಕ್ಕ ಒಪ್ಪಿಸಿದರು. ಅಣ್ಣನೂ ಕೆಟ್ಟವರೆಂದು ನಾನು ಹೇಳಲಾರೆ. ಮೂರು ಮಕ್ಕಳ ಸಂಸಾರ, ಒಣಗಿದ ತೋಟ. ತಮ್ಮನ ದುಡ್ಡು ತಮ್ಮನದು ಎಂಬ ಮಾತನ್ನು ಅವರಿಗೆ ಅದುವರೆಗೆ ಯಾರೂ ಹೇಳಿಯೇ ಇರಲಿಲ್ಲ. ತಮ್ಮನನ್ನು ಅವರು ಕರೆಯುತ್ತಿದ್ದದ್ದೇ “ಮಗು” ಎಂದು. ಆಗ ಆ ‘ಮಗು’ವಿಗೆ ಇಪ್ಪತ್ತೊಂಬತ್ತು ವರ್ಷ.

ಈ ಪ್ರಸಂಗದ ನಂತರ ನಮ್ಮ ಸಭೆಯಲ್ಲಿ ಒಂದು ನಿಯಮ ಮಾಡಿದೆವು. ಹದಿನೆಂಟು ದಾಟಿದವರನ್ನು ಆ ಕೋಣೆಯೊಳಗೆ ಯಾರೂ ಏಕವಚನದಲ್ಲಿ ಕರೆಯುವಂತಿಲ್ಲ. ಹೆತ್ತ ತಾಯಿಗೆ ಮಾತ್ರ ವಿನಾಯಿತಿ. ಮೊದಲ ದಿನ ಎಲ್ಲರೂ ನಕ್ಕರು; ಒಬ್ಬ ತಂದೆಗಂತೂ ಮಗನನ್ನು “ಕೂತ್ಕೊಳ್ಳಿ” ಎನ್ನಲು ನಾಲಿಗೆಯೇ ಹೊರಳಲಿಲ್ಲ. ಆದರೆ ಕನ್ನಡದಲ್ಲಿ ಈ ಬಹುವಚನಕ್ಕೆ ಒಂದು ಗುಣವಿದೆ. ‘ನೀವು’ ಎಂದು ಕರೆದವರ ಕೈಯಿಂದ ತಟ್ಟೆ ಕಿತ್ತುಕೊಳ್ಳಲು ಆಗುವುದಿಲ್ಲ, ಅವರೆದುರಿಗೇ ಅವರ ಬಗ್ಗೆ “ಇವನಿಗೆ ಅರ್ಥವಾಗುತ್ತಾ?” ಎಂದು ಪಕ್ಕದವರನ್ನು ಕೇಳಲು ಬಾಯಿ ಬರುವುದಿಲ್ಲ. ನಾವು ಹೋದ ಕಚೇರಿಗಳಲ್ಲೂ ಇದನ್ನೇ ಮಾಡಿದೆವು. ಗುಮಾಸ್ತರು ನನ್ನನ್ನು ಕೇಳಿದ ಪ್ರಶ್ನೆಯನ್ನು ನಾನು ಪಕ್ಕಕ್ಕೆ ತಿರುಗಿ, “ಸಾಹೇಬರು ನಿಮ್ಮನ್ನು ಕೇಳುತ್ತಿದ್ದಾರೆ” ಎಂದು ಅವರಿಗೇ ಒಪ್ಪಿಸುತ್ತಿದ್ದೆ. ಉತ್ತರ ಬರಲಿ, ಬಾರದಿರಲಿ, ಎರಡನೆಯ ಪ್ರಶ್ನೆ ಕೇಳುವಾಗ ಗುಮಾಸ್ತರ ಮುಖ ತಾನಾಗಿ ಆ ಕಡೆ ತಿರುಗಿರುತ್ತಿತ್ತು.

ಕೆಲಸ ಕೊಡಿಸುವ ವಿಷಯಕ್ಕೆ ಬಂದರೆ, ಮೇಣದಬತ್ತಿ, ಫಿನಾಯಿಲ್, ಪೇಪರ್ ಕವರ್ ಇವುಗಳನ್ನೆಲ್ಲ ನಾವೂ ಮಾಡಿ ನೋಡಿದ್ದೇವೆ. ಮರುಕದಿಂದ ಕೊಂಡವರು ಎರಡನೆಯ ಸಲ ಕೊಳ್ಳುವುದಿಲ್ಲ. ತಿಪಟೂರಿನಲ್ಲಿ ಇದ್ದುಕೊಂಡು ಮೇಣದಬತ್ತಿ ಏಕೆ ಮಾಡಬೇಕು ಎಂದು ಒಂದು ದಿನ ಅದೇ ಸೋದರತ್ತೆ ಕೇಳಿದರು. ಅವರ ಮನೆಯ ಅಟ್ಟದ ತುಂಬ ಕಾಯಿ ಇತ್ತು. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಬಿಟ್ಟು, ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡ ಮೇಲೆಯೇ ಒಡೆಯಬೇಕು. ಅವಸರಪಟ್ಟು ಒಡೆದರೆ ಗಿಟುಕು ಚಿಪ್ಪಿಗೆ ಅಂಟಿ ಹೋಳಾಗುತ್ತದೆ, ಬೆಲೆ ಬಿದ್ದುಹೋಗುತ್ತದೆ. ಹದವಾಗಿದೆಯೋ ಇಲ್ಲವೋ ಎಂದು ತಿಳಿಯಲು ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿದ್ದರೆ ಗುಳುಗುಳು ಎನ್ನುತ್ತದೆ; ನೀರು ಇಂಗಿಯೂ ಕೊಬ್ಬರಿ ಅಂಟಿಕೊಂಡಿದ್ದರೆ ಸದ್ದೇ ಇರುವುದಿಲ್ಲ; ಬಿಟ್ಟುಕೊಂಡಿದ್ದರೆ ಲೊಟಲೊಟ ಎಂದು ಗಟ್ಟಿಯಾಗಿ ಬಡಿಯುತ್ತದೆ.

ಚಪ್ಪಲಿಯ ಕಥೆಯ ಆ ವ್ಯಕ್ತಿ ಮಾತನಾಡುವುದು ತೀರ ಕಡಿಮೆ, ಮದುವೆಯ ವಾಲಗಕ್ಕೂ ಕಿವಿ ಮುಚ್ಚಿಕೊಂಡು ಓಡುವವರು. ಅವರು ಅತ್ತೆಯ ಮನೆಯ ಅಟ್ಟ ಹತ್ತಿ, ಯಾರೂ ಹೇಳದೆಯೇ ಕಾಯಿಗಳನ್ನು ಅಲ್ಲಾಡಿಸಿ ಮೂರು ರಾಶಿ ಮಾಡಿದ್ದರು. ಇದನ್ನು ‘ದೇವರು ಕೊಟ್ಟ ವಿಶೇಷ ಶಕ್ತಿ’ ಎಂದು ಹಾಡಿ ಹೊಗಳುವುದು ನನಗೆ ಇಷ್ಟವಿಲ್ಲ. ಆ ಸೀಮೆಯಲ್ಲಿ ಹುಟ್ಟಿದ ಯಾರಾದರೂ ನಾಲ್ಕು ದಿನದಲ್ಲಿ ಕಲಿಯುವ ಕೆಲಸ ಅದು, ಅವರು ಚಿಕ್ಕಂದಿನಿಂದ ನೋಡಿದ್ದೂ ಅದನ್ನೇ. ನಾವು ಯಾರೂ ಅವರಿಗೆ ಕಾಯಿ ಮುಟ್ಟಲು ಬಿಟ್ಟಿರಲಿಲ್ಲ, ಅಷ್ಟೇ.

ಒಬ್ಬ ಕೊಬ್ಬರಿ ವ್ಯಾಪಾರಿಯ ಶೆಡ್ಡಿನಲ್ಲಿ ಅವರನ್ನು ಕೆಲಸಕ್ಕೆ ಸೇರಿಸುವಾಗ ಯಜಮಾನರು “ಏನೋ ತಿಂಡಿ ಕಾಸು ಕೊಡೋಣ, ಮನೆಯಲ್ಲಿ ಸುಮ್ಮನೆ ಕೂರುವುದು ತಪ್ಪುತ್ತೆ” ಎಂದರು. ಉಳಿದವರಿಗೆ ಸಾವಿರ ಕಾಯಿಗೆ ಎಷ್ಟು ಕೂಲಿಯೋ ಅಷ್ಟನ್ನೇ ಕೊಡುವುದಾದರೆ ಮಾತ್ರ ಎಂದು ನಾನು ಹಟ ಹಿಡಿದೆ. ಮೊದಲ ಮೂರು ವಾರ ಪಕ್ಕದಲ್ಲೇ ಗೋಣಿಚೀಲ ಹಾಸಿಕೊಂಡು ಕುಳಿತೆ, ನಾಲ್ಕನೆಯ ವಾರ ಶೆಡ್ಡಿನ ಇನ್ನೊಂದು ತುದಿಗೆ ಸರಿದೆ, ಆರನೆಯ ವಾರ ಬಾಗಿಲಿಂದಾಚೆ ಹೋದೆ. ಒಂದು ತಂತಿಯ ಬಳೆಗೆ ನಾಲ್ಕು ಚಿತ್ರದ ಕಾರ್ಡು ಪೋಣಿಸಿ ಕೊಟ್ಟಿದ್ದೆ: ನೀರು, ಶೌಚ, ಸದ್ದು ಜಾಸ್ತಿ, ಸಾಕು. ಹರಾಜಿನ ಹಿಂದಿನ ದಿನ ಲಾರಿಗಳು ಬಂದು ನಿಂತಾಗ ಅವರು ಮೂರನೆಯ ಕಾರ್ಡನ್ನು ಯಜಮಾನರ ಮೂಗಿನ ಹತ್ತಿರ ಹಿಡಿದರಂತೆ. ಹಿಂದಿನ ಕೋಣೆಯಲ್ಲಿ ಕೂರಲು ಜಾಗ ಸಿಕ್ಕಿತು. ಎರಡು ದಿನ ಎದ್ದೇ ಬರಲಿಲ್ಲ, ಆ ಎರಡು ದಿನದ ಕೂಲಿಯೂ ಹೋಯಿತು. ಅದನ್ನು ಕೊಡಿ ಎಂದು ನಾನು ಕೇಳಲಿಲ್ಲ, ಉಳಿದ ಕೂಲಿಯವರಿಗೂ ಕೊಡುತ್ತಿರಲಿಲ್ಲ.

ಈಗ ಯಾರಾದರೂ ಪಾಲಕತ್ವಕ್ಕೆ ಅರ್ಜಿ ತುಂಬಿಸಲು ಬಂದರೆ ನಾನು ಮೊದಲು ಮನೆಯವರನ್ನು ಹೊರಗೆ ಕೂರಿಸಿ, ಆ ವ್ಯಕ್ತಿಯ ಜೊತೆ ಎರಡು ಮೂರು ಸಲ ಭೇಟಿ ಮಾಡುತ್ತೇನೆ. ತಾವೇ ಎಟಿಎಂ ಬಳಸಬಲ್ಲರೇ, ಬೇಡ ಎಂಬುದನ್ನು ಹೇಗೆ ತಿಳಿಸುತ್ತಾರೆ, ಯಾರ ಜೊತೆ ಇರಲು ಬಯಸುತ್ತಾರೆ ಎಂದು ಬರೆದುಕೊಳ್ಳುತ್ತೇನೆ. 2016ರ ಕಾಯ್ದೆ ಅಂಗವೈಕಲ್ಯವಿರುವವರಿಗೂ ಉಳಿದವರಂತೆಯೇ ಕಾನೂನಿನ ಸಾಮರ್ಥ್ಯವಿದೆ ಎಂದು ಒಪ್ಪಿ, ನಿರ್ದಿಷ್ಟ ಕೆಲಸಕ್ಕೆ, ನಿರ್ದಿಷ್ಟ ಅವಧಿಗೆ, ಅವರೊಡನೆ ಕೂಡಿಯೇ ನಿರ್ಧರಿಸುವ ಸೀಮಿತ ಪಾಲಕತ್ವಕ್ಕೆ ಅವಕಾಶ ಮಾಡಿದೆ. ಇದನ್ನು ಕಚೇರಿಗಳಲ್ಲಿ ವಿವರಿಸುವುದು ಸುಲಭವಿಲ್ಲ, ಎಲ್ಲರಿಗೂ ಹಳೆಯ ನಮೂನೆಯೇ ರೂಢಿ. ಕಳೆದ ಕೆಲವು ವರ್ಷಗಳಲ್ಲಿ ಬಂದ ಹದಿನಾಲ್ಕು ಕುಟುಂಬಗಳಲ್ಲಿ ಐವರಿಗೆ ಮಾತ್ರ ನಿಜವಾಗಿ ಪಾಲಕರು ಬೇಕೆಂದು ನನಗನ್ನಿಸಿತು. ಉಳಿದವರಿಗೆ ಬೇಕಿದ್ದದ್ದು ಬ್ಯಾಂಕಿನಲ್ಲಿ ತಾಳ್ಮೆಯಿಂದ ಹತ್ತು ನಿಮಿಷ ಕೊಡುವ ಒಬ್ಬ ನೌಕರರು.

ಅಣ್ಣ ಲೆಕ್ಕ ಒಪ್ಪಿಸಿದ ದಿನ ಪಾಸ್‌ಬುಕ್ ಯಾರ ಬಳಿ ಇರಬೇಕೆಂಬ ಮಾತು ಬಂದಿತ್ತು. ಅತ್ತೆ ತಮ್ಮ ಬೀರು ತೋರಿಸಿದರು, ಅಣ್ಣ ಸುಮ್ಮನಿದ್ದರು. ನಾನು ಪಾಸ್‌ಬುಕ್ಕನ್ನು ಮೇಜಿನ ಮೇಲಿಟ್ಟು, “ಇದು ನಿಮ್ಮದು. ಎಲ್ಲಿಡೋಣ?” ಎಂದೆ. ಅವರು ಅದನ್ನು ತೆಗೆದು ಅಂಗಿಯ ಜೇಬಿಗೆ ಹಾಕಿ ಮೇಲಿನ ಗುಂಡಿ ಹಾಕಿಕೊಂಡರು. ಶೆಡ್ಡಿಗೂ ಅದನ್ನು ಜೇಬಿನಲ್ಲಿಟ್ಟುಕೊಂಡೇ ಹೋಗುತ್ತಾರೆ. ಬೆವರಿಗೆ ಬಾರ್‌ಕೋಡ್ ಅಳಿಸಿಹೋಗಿ ಮುದ್ರಣ ಯಂತ್ರ ಪುಸ್ತಕವನ್ನು ಹೊರಗೆ ತಳ್ಳುತ್ತದೆ. ಈಗ ಇರುವುದು ನಾಲ್ಕನೆಯ ಪಾಸ್‌ಬುಕ್. ಹೋದ ತಿಂಗಳು ಅದನ್ನು ಪಡೆಯಲು ಅವರೊಬ್ಬರೇ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತಿದ್ದರು, ನಾನು ರಸ್ತೆಯಾಚೆಯ ಹೋಟೆಲಿನಲ್ಲಿ ಕಾಫಿ ಹಿಡಿದು ಕುಳಿತಿದ್ದೆ.