ಎಲೆಕ್ಟ್ರಾನ್ ಬೀಮ್‌ನಲ್ಲಿ ಸಿಲಿಕಾನ್ ಡಿಟೆಕ್ಟರಿನ ಪರೀಕ್ಷೆ: ನನ್ನ ಅನುಭವ

ಸಿಲಿಕಾನ್ ಪಟ್ಟಿಗಳ ಡಿಟೆಕ್ಟರ್ ಮಾಡ್ಯೂಲೊಂದು ಪ್ರಯೋಗಾಲಯದ ಮೇಜಿನ ಮೇಲೆ ಎಲ್ಲ ಪರೀಕ್ಷೆಗಳಲ್ಲಿ ಪಾಸಾಗಬಹುದು. ಆದರೆ ತನ್ನ ಮೂಲಕ ಹಾದುಹೋದ ನೂರು ಕಣಗಳಲ್ಲಿ ಎಷ್ಟನ್ನು ಅದು ಗುರುತಿಸುತ್ತದೆ ಎಂಬುದು ಅಷ್ಟರಿಂದ ತಿಳಿಯುವುದಿಲ್ಲ. ಕಣವೊಂದು ಅಲ್ಲಿ ಹಾದುಹೋಯಿತು ಎಂದು ಮಾಡ್ಯೂಲನ್ನು ಕೇಳದೆಯೇ ನಮಗೆ ಗೊತ್ತಿರಬೇಕು. ಜಿನೀವಾ ಬಳಿಯ ಕಣಭೌತವಿಜ್ಞಾನ ಕೇಂದ್ರವಾದ ಸರ್ನ್‌ನ ಸಿಎಂಎಸ್ ಪ್ರಯೋಗದಲ್ಲಿ ಕಣಗಳ ಪಥ ಗುರುತಿಸುವ ಹೊರ ಟ್ರ್ಯಾಕರ್‌ಗಾಗಿ ರೂಪಿಸಿದ, 90 ಮೈಕ್ರೋಮೀಟರ್ ಅಂತರದ ಪಟ್ಟಿಗಳಿರುವ ಮಾಡ್ಯೂಲನ್ನು ನಾವು ಹ್ಯಾಂಬರ್ಗ್‌ನ ಡೆಸಿ ಪ್ರಯೋಗಾಲಯಕ್ಕೆ ಒಯ್ದದ್ದು ಈ ಕಾರಣಕ್ಕಾಗಿ.

ಅಲ್ಲಿನ ಡೆಸಿ-2 ಸಿಂಕ್ರೊಟ್ರಾನ್ ಎಂಬ ವರ್ತುಲಾಕಾರದ ವೇಗವರ್ಧಕದಲ್ಲಿ ಸುತ್ತುವ ಎಲೆಕ್ಟ್ರಾನ್‌ಗಳ ದಾರಿಗೆ ತೆಳುವಾದ ಕಾರ್ಬನ್ ಎಳೆಯೊಂದನ್ನು ಒಡ್ಡುತ್ತಾರೆ. ಅದರಿಂದ ಹೊಮ್ಮಿದ ಗಾಮಾ ಕಿರಣಗಳು ಲೋಹದ ತಗಡಿಗೆ ಬಡಿದು ಎಲೆಕ್ಟ್ರಾನ್–ಪಾಸಿಟ್ರಾನ್ ಜೋಡಿಗಳಾಗುತ್ತವೆ. ಅವುಗಳಲ್ಲಿ 1ರಿಂದ 6 ಗಿಗಾ ಎಲೆಕ್ಟ್ರಾನ್‌ವೋಲ್ಟ್ (ಕಣದ ಶಕ್ತಿಯ ಅಳತೆ) ವ್ಯಾಪ್ತಿಯಲ್ಲಿ ನಮಗೆ ಬೇಕಾದುದನ್ನು ಅಯಸ್ಕಾಂತ ಆರಿಸಿಕೊಡುತ್ತದೆ. ಶಕ್ತಿ ಹೆಚ್ಚಿಸಿದರೆ ಕಣಗಳ ಸಂಖ್ಯೆ ಇಳಿಯುತ್ತದೆ, ತಗ್ಗಿಸಿದರೆ ಅವು ವಸ್ತುವಿನೊಳಗೆ ಚದುರಿ ದಾರಿ ತಪ್ಪುತ್ತವೆ. ನಾವು 5ರ ಆಸುಪಾಸಿನಲ್ಲಿ ನಿಂತೆವು. ಬೀಮ್ ತೆರೆಯುವ ಮುನ್ನ ಕಾಂಕ್ರೀಟ್ ಗೋಡೆಯ ಕೋಣೆಯಲ್ಲಿ ಯಾರೂ ಉಳಿದಿಲ್ಲವೆಂದು ಮೂಲೆಮೂಲೆ ನೋಡಿ ಬಾಗಿಲು ಹಾಕಬೇಕು; ಕೇಬಲ್ ಒಂದು ಸಡಿಲವಾದರೂ ಈ ವಿಧಿಯೆಲ್ಲ ಮತ್ತೆ ಮೊದಲಿನಿಂದ.

ಮಾಡ್ಯೂಲಿನ ಮುಂದೆ ಮೂರು, ಹಿಂದೆ ಮೂರು ಎಂಬಂತೆ ಮಿಮೋಸಾ-26 ಪಿಕ್ಸೆಲ್ ಸೆನ್ಸರ್‌ಗಳನ್ನು ಜೋಡಿಸಿದ ಸಲಕರಣೆಗೆ ಟೆಲಿಸ್ಕೋಪ್ ಎಂದು ಹೆಸರು. ಅದರ ಪಿಕ್ಸೆಲ್‌ಗಳ ಅಂತರ 18.4 ಮೈಕ್ರೋಮೀಟರ್, ಸೆನ್ಸರಿನ ದಪ್ಪ 50 ಮೈಕ್ರೋಮೀಟರ್ ಮಾತ್ರ. ಕಣ ಎಲ್ಲಿ ಹಾದುಹೋಯಿತೆಂಬುದನ್ನು ಅದು ಸೊಗಸಾಗಿ ಹೇಳುತ್ತದೆ. ಯಾವಾಗ ಎಂಬ ಪ್ರಶ್ನೆಗೆ ಮಾತ್ರ ಅದರ ಉತ್ತರ ತೀರ ಒರಟು.

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇಲ್ಲಿಯೇ ಇದೆ. ಮಿಮೋಸಾ ಒಂದು ಚಿತ್ರ ತೆಗೆಯಲು ಸುಮಾರು 115 ಮೈಕ್ರೋಸೆಕೆಂಡ್ ಹಿಡಿಯುತ್ತದೆ. ನಮ್ಮ ಮಾಡ್ಯೂಲಿನ ಗಡಿಯಾರವಾದರೋ 25 ನ್ಯಾನೋಸೆಕೆಂಡಿಗೊಮ್ಮೆ ಮಿಡಿಯುತ್ತದೆ, ಅಂದರೆ ಒಂದು ಚಿತ್ರದೊಳಗೆ ಅಂಥ 4600 ಮಿಡಿತಗಳು ಅಡಗಿರುತ್ತವೆ. ಹಾಗಾಗಿ ಚಿತ್ರದಲ್ಲಿ ಎರಡು ಮೂರು ಪಥಗಳು ಕಂಡರೂ, ಸಿಂಟಿಲೇಟರ್‌ಗಳನ್ನು (ಕಣ ಹಾದರೆ ಮಿನುಗುವ ಫಲಕಗಳು) ಮಿನುಗಿಸಿ, ಈಗ ಓದಿಕೊಳ್ಳಿ ಎಂಬ ಸೂಚನೆಯಾದ ಟ್ರಿಗರ್ ಕೊಟ್ಟ ಕಣ ಅವುಗಳಲ್ಲಿ ಒಂದೇ. ಉಳಿದವು ಬಂದಾಗ ಮಾಡ್ಯೂಲ್ ಅವನ್ನು ನೋಡಿದ್ದಿರಬಹುದು, ಆದರೆ ನಾವು ಓದಿಕೊಂಡ ಕ್ಷಣದಲ್ಲಿ ಅವು ಇರುವುದಿಲ್ಲ. ಎಲ್ಲ ಪಥಗಳನ್ನೂ ಲೆಕ್ಕಕ್ಕೆ ಹಿಡಿದರೆ ನಿರ್ದೋಷಿ ಮಾಡ್ಯೂಲಿನ ಮೇಲೆ ಕುರುಡೆಂಬ ಆರೋಪ ಬರುತ್ತದೆ. ಅದಕ್ಕಾಗಿ ಎಫ್ಇ-ಐ4 ಚಿಪ್ಪಿನ ಇನ್ನೊಂದು ಪಿಕ್ಸೆಲ್ ಪದರವನ್ನು ಸಾಲಿಗೆ ಸೇರಿಸಿದೆವು. ಅದರ ಪಿಕ್ಸೆಲ್‌ಗಳು 250×50 ಮೈಕ್ರೋಮೀಟರಿನಷ್ಟು ದೊಡ್ಡವು. ಆದರೆ ಸಮಯ ಪಾಲನೆ 25 ನ್ಯಾನೋಸೆಕೆಂಡಿನದು. ಆ ಪದರದಲ್ಲಿಯೂ ಗುರುತು ಬಿಟ್ಟ ಪಥಗಳನ್ನಷ್ಟೇ ಸಾಕ್ಷಿಗಳೆಂದು ಒಪ್ಪಿದೆವು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಸಿಎಂಎಸ್ ಇರುವ ಸರ್ನ್‌ನ ವೇಗವರ್ಧಕ ಎಲ್‌ಎಚ್‌ಸಿಯಲ್ಲಿ ಕಣಗಳ ಡಿಕ್ಕಿಗಳು ಗಡಿಯಾರಕ್ಕೆ ಸರಿಯಾಗಿ ನಡೆಯುತ್ತವೆ. ಡೆಸಿಯ ಎಲೆಕ್ಟ್ರಾನ್‌ಗಳು ನಮ್ಮ ಗಡಿಯಾರದ ಹಂಗಿಲ್ಲದೆ ಬರುತ್ತವೆ. ಎರಡು ಮಿಡಿತಗಳ ಗಡಿಯಲ್ಲಿ ಬಂದ ಕಣದ ಸಂಕೇತ ಪಕ್ಕದ ಮಿಡಿತಕ್ಕೆ ಜಾರಬಹುದು. ಆದುದರಿಂದ ಪ್ರತಿ ಟ್ರಿಗರ್ ಆ 25 ನ್ಯಾನೋಸೆಕೆಂಡಿನ ಯಾವ ಭಾಗದಲ್ಲಿ ಬಂತೆಂದು ಅಳೆದು ದಾಖಲಿಸಿ, ವಿಶ್ಲೇಷಣೆಯಲ್ಲಿ ಅಂಚಿನವನ್ನು ಕೈಬಿಟ್ಟೆವು.

ಪದರಗಳ ಸ್ಥಾನವನ್ನು ಪಥಗಳಿಂದಲೇ ತಿದ್ದಿಕೊಳ್ಳುವ ಅಲೈನ್‌ಮೆಂಟ್ ಕೆಲಸ ಬೇಸರದ್ದಾದರೂ ಸಾಫ್ಟ್‌ವೇರ್ ಅದನ್ನು ಮಾಡಿಕೊಡುತ್ತದೆ. ಆಮೇಲೆ ಥ್ರೆಶೋಲ್ಡನ್ನು, ಅಂದರೆ ಸಂಕೇತವೆಂದು ಒಪ್ಪಲು ಪಟ್ಟಿಯಲ್ಲಿ ಇರಬೇಕಾದ ಕನಿಷ್ಠ ಚಾರ್ಜನ್ನು, ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತಾ ಅಳೆದೆವು. ಬಹುದೂರದವರೆಗೆ ದಕ್ಷತೆ, ಅಂದರೆ ಹಾದುಹೋದ ಕಣಗಳಲ್ಲಿ ಗುರುತಿಸಿದವುಗಳ ಪಾಲು, ಶೇಕಡ 99ರ ಮೇಲೆಯೇ ನಿಂತು, ಬಳಿಕ ಬಾಗತೊಡಗಿತು. ಎಲ್ಲ ಪಥಗಳನ್ನೂ ಒಂದೇ ಪಟ್ಟಿಯ ಅಗಲದೊಳಕ್ಕೆ ಮಡಚಿ ನೋಡಿದಾಗ ಆ ಇಳಿತ ಮೊದಲು ಶುರುವಾದದ್ದು ಎರಡು ಪಟ್ಟಿಗಳ ನಟ್ಟನಡುವೆ ಎಂಬುದು ಕಂಡಿತು. ಅಲ್ಲಿ ಬಿದ್ದ ಕಣ ಸಿಲಿಕಾನಿನಲ್ಲಿ ಹುಟ್ಟಿಸಿದ ಚಾರ್ಜ್ ಇಬ್ಭಾಗವಾಗುವುದರಿಂದ ಎರಡೂ ಪಟ್ಟಿಗಳು ಥ್ರೆಶೋಲ್ಡ್ ದಾಟದೆ ಉಳಿಯುತ್ತವೆ.