ಬೋನ್ ಮ್ಯಾರೋ ಕಸಿಯ ನಂತರ ಒಣಗುವ ಕಣ್ಣು: ಶಿರಸಿ ಕಡೆಯ ಮನೆಯಲ್ಲಿ ನಿಭಾಯಿಸುವುದು ಹೇಗೆ

ಕಣ್ಣಿಂದ ನೀರು ಸುರಿಯುತ್ತಿರುತ್ತದೆ, ಡಾಕ್ಟರು ನೋಡಿದರೆ ಕಣ್ಣು ಒಣಗಿದೆ ಅಂತಾರೆ. ವಿಚಿತ್ರ ಅಲ್ವಾ? ನನಗೆ ಮಜ್ಜೆ (ಬೋನ್ ಮ್ಯಾರೋ) ಕೊಟ್ಟಿದ್ದು ನನ್ನ ಅಕ್ಕ. ಆ ಮಜ್ಜೆಯ ರಕ್ಷಣಾ ಕೋಶಗಳಿಗೆ ನನ್ನ ಮೈ ಹೊರಗಿನದು. ಹಾಗಾಗಿ ಕಣ್ಣೀರಿನ ಗ್ರಂಥಿಗಳ ಮೇಲೆ, ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳ ಮೇಲೆ ಬೀಳುತ್ತವೆ. ಇದಕ್ಕೆ ಜಿವಿಎಚ್‌ಡಿ (ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್) ಅಂತಾರೆ. ಎಣ್ಣೆಯ ಪದರ ಇಲ್ಲದಿದ್ದರೆ ಇದ್ದ ನೀರೂ ಕಣ್ಣಲ್ಲಿ ನಿಲ್ಲುವುದಿಲ್ಲ. ಕಸಿಯಾಗಿ ಎಷ್ಟೋ ತಿಂಗಳ ಮೇಲೆ, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕಡಿಮೆ ಮಾಡುವಾಗ ಇದು ಶುರುವಾಗುವುದುಂಟು. ಕೆಳರೆಪ್ಪೆಗೆ ಕಾಗದದ ಪಟ್ಟಿ ಸಿಕ್ಕಿಸಿ 5 ನಿಮಿಷ ಕೂರಿಸುತ್ತಾರೆ. ಪಟ್ಟಿ 5 ಮಿಲಿಮೀಟರ್ ಕೂಡ ಒದ್ದೆಯಾಗದಿದ್ದರೆ ಒಣಗಿದ್ದು ಜೋರಾಗಿದೆ ಅಂತ ಲೆಕ್ಕ.

ಉರಿ ಬಂದ ಮೇಲೆ ಕೃತಕ ಕಣ್ಣೀರಿನ ಹನಿ ಹಾಕೋಣ ಅಂತ ಕಾಯಬೇಡಿ. ಗಡಿಯಾರ ನೋಡಿ ಹಾಕಿ. ದಿನಕ್ಕೆ ತುಂಬಾ ಸಲ ಹಾಕುವವರಿಗೆ ಪ್ರಿಸರ್ವೇಟಿವ್ (ಕೆಡದಂತೆ ಸೇರಿಸುವ ರಾಸಾಯನಿಕ) ಇಲ್ಲದ ಹನಿಯೇ ಬೇಕು. ಲೇಬಲ್ ಮೇಲೆ ಬೆಂಜಾಲ್ಕೋನಿಯಂ ಕ್ಲೋರೈಡ್ ಅಂತಿದ್ದರೆ ಅಂಗಡಿಯವರಿಗೆ ವಾಪಸ್ ಕೊಡಿ. ಅದು ಒಣಕಣ್ಣನ್ನು ಇನ್ನೂ ಕೆರಳಿಸುತ್ತದೆ.

ಕೈ ತೊಳೆದು, ತಲೆ ಹಿಂದಕ್ಕೆ ಮಾಡಿ, ಕೆಳರೆಪ್ಪೆ ಎಳೆದು ಆ ಗುಳಿಯಲ್ಲಿ ಒಂದೇ ಹನಿ ಬಿಡಿ. ತುದಿ ರೆಪ್ಪೆಗೂದಲಿಗೆ ತಾಗಬಾರದು. ಕಣ್ಣು ಮೆಲ್ಲಗೆ ಮುಚ್ಚಿ, ಮೂಗಿನ ಪಕ್ಕದ ಮೂಲೆ ಒತ್ತಿಕೊಳ್ಳಿ. ಎರಡನೇ ಔಷಧಿ ಇದ್ದರೆ 5-10 ನಿಮಿಷ ಬಿಟ್ಟು. ಜೆಲ್ ಇದ್ದರೆ ಎಲ್ಲಕ್ಕಿಂತ ಕೊನೆಗೆ, ಮಲಗುವಾಗ. ರಕ್ಷಣಾ ಕೋಶಗಳ ದಾಳಿ ತಗ್ಗಿಸುವ ಸೈಕ್ಲೋಸ್ಪೊರಿನ್ ಹನಿ ಕೊಟ್ಟಿದ್ದರೆ ಹಾಕಿದ ಕೂಡಲೇ ಉರಿಯಬಹುದು. ಗುಣ ಕಾಣಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಡಾಕ್ಟರನ್ನು ಕೇಳದೆ ನಡುವೆ ಬಿಡಬೇಡಿ.

ನಮ್ಮ ಮನೆಗಳಲ್ಲಿ ಕಣ್ಣಿಗೆ ದೊಡ್ಡ ಶತ್ರು ಹೊಗೆ. ಬಚ್ಚಲ ಒಲೆ, ಅಡಿಕೆ ಬೇಯಿಸುವ ಹಂಡೆಯ ಒಲೆ, ಎರಡರ ಹತ್ತಿರವೂ ನಾನು ಹೋಗುವುದಿಲ್ಲ. ಕೊಯ್ಲಿನ ಕಾಲದಲ್ಲಿ 'ಇವಳಿಗೇನು, ಕೂತಿದ್ದಾಳೆ' ಅನ್ನುವವರು ಇದ್ದಾರೆ, ಅನ್ನಲಿ. ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಯುವ ದಿನ ಅಂಗಳಕ್ಕೂ ಇಳಿಯಬೇಡಿ. ಅದರಲ್ಲಿ ಸುಣ್ಣ, ಮೈಲುತುತ್ತ ಎರಡೂ ಇವೆ. ರಾತ್ರಿ ಫ್ಯಾನ್ ಗಾಳಿ ಮುಖಕ್ಕೆ ಬೀಳದ ಹಾಗೆ ಹಾಸಿಗೆ ತಿರುಗಿಸಿ. ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವಾಗ ಬಸ್ಸಿನ ಕಿಟಕಿ ಪಕ್ಕ ಬೇಡ. ಪಕ್ಕವೂ ಮುಚ್ಚುವ ಕನ್ನಡಕ ಹಾಕಿ. ಕಣ್ಣಿನ ಸುತ್ತ ತೇವ ಉಳಿಯುತ್ತದೆ.

ಸ್ವಂತ ರಕ್ತದಿಂದ ಮಾಡುವ ಸೀರಂ ಹನಿ ಬರೆದುಕೊಟ್ಟರೆ ಕರೆಂಟಿನ ಯೋಚನೆ ಮೊದಲು ಮಾಡಿ. ಆಷಾಢದ ಗಾಳಿಗೆ ಮರ ಬಿದ್ದರೆ ಹಳ್ಳಿಗೆ ದಿನಗಟ್ಟಲೆ ಕರೆಂಟ್ ಇರುವುದಿಲ್ಲ. ನಾನು ಬಾಟಲಿಗಳನ್ನು ಪೇಟೆಯಲ್ಲಿರುವ ಚಿಕ್ಕಮ್ಮನ ಮನೆಯ ಫ್ರೀಜರಿನಲ್ಲಿ ಇಟ್ಟಿದ್ದೇನೆ, ಅಲ್ಲಿ ಇನ್ವರ್ಟರ್ ಮೇಲೆ ಫ್ರಿಜ್ ನಡೆಯುತ್ತದೆ. ಬೇಕಾದಷ್ಟು ಮಾತ್ರ ಐಸ್ ಡಬ್ಬಿಯಲ್ಲಿ ತರುವುದು. ಕರಗಿದ್ದನ್ನು ಮತ್ತೆ ಗಡ್ಡೆ ಕಟ್ಟಿಸಬಾರದು. ಆಸ್ಪತ್ರೆಯವರು ಹೇಳಿದ ದಿನ ಮುಗಿದರೆ ಚೆಲ್ಲಿಬಿಡಿ.

ಸ್ಕ್ಲೀರಲ್ ಲೆನ್ಸ್ (ಒಳಗೆ ಸಲೈನ್ ತುಂಬಿಸಿ ಕಣ್ಣಿನ ಬಿಳಿಭಾಗದ ಮೇಲೆ ಕೂರಿಸುವ ದೊಡ್ಡ ಕಾಂಟ್ಯಾಕ್ಟ್ ಲೆನ್ಸ್) ಹಾಕುವವರು ಬಾವಿ ನೀರು, ನಲ್ಲಿ ನೀರು ಎರಡನ್ನೂ ಲೆನ್ಸಿಗೆ ಮುಟ್ಟಿಸಬೇಡಿ. ಪ್ರಿಸರ್ವೇಟಿವ್ ಇಲ್ಲದ ಸಲೈನ್ ಮಾತ್ರ ತುಂಬಿಸಿ.

ನಂದಿಬಟ್ಟಲ ರಸ, ಹರಳೆಣ್ಣೆ, ಜೇನು ಹಾಕು ಅಂತ ನೆಂಟರು ಪ್ರೀತಿಯಿಂದಲೇ ಹೇಳುತ್ತಾರೆ. ಕಾಫಿ ಕೊಟ್ಟು ಕಳಿಸಿ. ಸ್ಟೀರಾಯ್ಡ್ ಹನಿಯನ್ನೂ ನಿಮ್ಮಷ್ಟಕ್ಕೆ ಮೆಡಿಕಲ್ ಶಾಪಿನಿಂದ ತರಬೇಡಿ. ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು.

ದಿಢೀರ್ ನೋವು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು, ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ, ಇದರಲ್ಲಿ ಯಾವುದಾದರೂ ಕಂಡರೆ, ಅಥವಾ ಸೋಗೆ, ಹುಲ್ಲು ಕಣ್ಣಿಗೆ ತಾಗಿದರೆ ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹುಣ್ಣೋ ಬೂಷ್ಟಿನ ಸೋಂಕೋ ಇದ್ದರೆ ನಾಳೆಗೆ ಕಾಯುವಂತಿಲ್ಲ. ಲೆನ್ಸ್ ತೆಗೆದು ಜೊತೆಗೆ ಒಯ್ಯಿರಿ. ಕಸಿಯ ಕಾಗದ, ಮಾತ್ರೆಗಳ ಪಟ್ಟಿ ಚೀಲದಲ್ಲಿರಲಿ, ಕಸಿಯಾಗಿದೆ ಅನ್ನುವುದನ್ನು ಮೊದಲು ಹೇಳಿ. ಹುಬ್ಬಳ್ಳಿಗೇ ಹೋಗಬೇಕಾದರೆ ಜೊತೆಗೊಬ್ಬರು ಬೇಕು. ಕಣ್ಣು ಹಿಗ್ಗಿಸುವ ಹನಿ ಹಾಕಿದ ಮೇಲೆ ಗಾಡಿ ಓಡಿಸಲಿಕ್ಕೆ ಬರುವುದಿಲ್ಲ.